ಶನಿವಾರ ಅಂಗಡಿ, ಭಾನುವಾರ ರಸ್ತೆ: ಬೆಂಗಳೂರಿನ ಪೇಟೆಯಲ್ಲಿ ಹಳೇ ಸಾಮಾನು ಹುಡುಕುವ ಬಗೆ

ಸಂಡೆ ಬಜಾರಿನಲ್ಲಿ ನಾನು ಮೊದಲು ಕೊಂಡದ್ದು ಒಂದು ತಾಮ್ರದ ನಾಣ್ಯ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಆಂಜನೇಯ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಅಂತ ಇಸವಿ. 1,200 ಹೇಳಿದರು, 800ಕ್ಕೆ ಇಳಿಸಿದೆ. ದೊಡ್ಡ ಸಾಧನೆ ಮಾಡಿದ ಹಾಗೆ ಮನೆಗೆ ಬಂದೆ. ನಮ್ಮ ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಕಂಪನಿಯವರು ರಾಮನ ಪಟ್ಟಾಭಿಷೇಕ ಮಾಡಿಸಿದ್ದು ನನಗೆ ಗೊತ್ತೇ ಇರಲಿಲ್ಲ ಕಣಮ್ಮ" ಅಂದರು.

ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ. ದೇವರ ಚಿತ್ರ ಹಾಕಿ ಆಮೇಲೆ ಯಾರೋ ಅಚ್ಚು ಹಾಕಿದ ಬಿಲ್ಲೆ ಅದು. 'ಹಾಫ್ ಆಣಾ' ಎಂಬ ಇಂಗ್ಲಿಷ್ ಅಕ್ಷರಗಳನ್ನು ತಪ್ಪಾಗಿ ಕೊರೆದು ಎಷ್ಟೋ ಬಿಲ್ಲೆಗಳ ಮೇಲೆ 'ಯುಕೆಎಲ್ ಆಣಾ' ಅಂತ ಆಗಿದೆ. ಈಗ ಪ್ರತಿ ಭಾನುವಾರ ಕನಿಷ್ಠ ಹತ್ತು ಕಡೆ ಅದೇ ರಾಮ ಕಾಣುತ್ತಾನೆ. ನನ್ನದನ್ನು ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೊಂಡಿದ್ದೇನೆ.

ಇದಾಗಿ ಹನ್ನೊಂದು ವರ್ಷ. ನಾನು ಅರಸೀಕೆರೆ ಕಡೆಯವಳು. ಈಗ ಇರುವುದು ಹನುಮಂತನಗರದಲ್ಲಿ, ಕೆಲಸ ಒಂದು ಸಣ್ಣ ಆಫೀಸಿನ ಲೆಕ್ಕಪತ್ರ. ನನಗೆ ಬೇಕಾದ್ದು ಎರಡೇ: ಕಾಳು ಅಳೆಯುವ ಹಿತ್ತಾಳೆಯ ಸೇರು-ಪಾವು ಮತ್ತು ಅಡಕತ್ತರಿ. ಉಳಿದದ್ದನ್ನು ನೋಡುತ್ತೇನೆ, ಮುಟ್ಟುತ್ತೇನೆ, ಬಿಡುತ್ತೇನೆ. ನೀವೂ ಮೊದಲು ಇದನ್ನೇ ಮಾಡಿ. ಒಂದೋ ಎರಡೋ ವಸ್ತು ಆರಿಸಿಕೊಳ್ಳಿ. "ಹಳೇದು ಏನಾದ್ರೂ ಸಿಗಲಿ" ಅಂತ ಹೋದರೆ ಏನು ಬೇಕಾದರೂ ನಿಮ್ಮ ತಲೆಗೆ ಕಟ್ಟುತ್ತಾರೆ.

ಎರಡನೆಯದು, ಪೇಟೆಯಲ್ಲಿ ಹಳೇ ಸಾಮಾನು ಸಿಗುವುದು ಎರಡು ಬಗೆಯ ಜಾಗದಲ್ಲಿ. ಒಂದು, ವಾರದ ದಿನಗಳಲ್ಲಿ ತೆರೆದಿರುವ ಅಂಗಡಿ. ಗಾಜಿನ ಕಪಾಟು, ಅಟ್ಟದವರೆಗೆ ಜೋಡಿಸಿದ ಸಾಮಾನು, ಬೆಲೆ ಚೀಟಿ, ಕುರ್ಚಿಯಲ್ಲಿ ಕೂತ ಮಾಲೀಕರು. ಇನ್ನೊಂದು, ಭಾನುವಾರ ಪೇಟೆ ಬಾಗಿಲು ಹಾಕಿದಾಗ ಮುಚ್ಚಿದ ಷಟರ್‌ಗಳ ಮುಂದೆ ನೆಲದ ಮೇಲೆ ಟಾರ್ಪಾಲು ಹಾಸಿ ಕೂರುವ ಬಜಾರು. ಹೊಸಬರು ಇವೆರಡನ್ನೂ ಬೇರೆ ಬೇರೆ ಲೋಕ ಅಂದುಕೊಳ್ಳುತ್ತಾರೆ. ನಾನು ಜೋಡಿಯಾಗಿ ಬಳಸುತ್ತೇನೆ. ಶನಿವಾರ ಅಂಗಡಿಯಲ್ಲಿ ಕಲಿಯುವುದು, ಭಾನುವಾರ ರಸ್ತೆಯಲ್ಲಿ ಕೊಳ್ಳುವುದು. ಕೆಲವು ವಸ್ತುಗಳಿಗೆ ಮಾತ್ರ ಇದು ತಿರುಗುಮುರುಗು. ಆಮೇಲೆ ಹೇಳುತ್ತೇನೆ.

ಶನಿವಾರ

ಅಂಗಡಿಗೆ ಹೋಗುವಾಗ ಕೊಳ್ಳಲೇಬೇಕು ಅಂತ ಸಂಕೋಚ ಬೇಡ. ಆದರೆ ಒಂದು ಮರ್ಯಾದೆ ಇದೆ. ಚೀಲ ಬಾಗಿಲ ಬಳಿ ಇಡಿ. ಮುಟ್ಟುವ ಮೊದಲು ಕೇಳಿ. ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಒಳ್ಳೆಯದು. "ನಾನು ಅಡಕತ್ತರಿ ಕೂಡಿಸ್ತೀನಿ, ನಿಮ್ಮ ಹತ್ರ ಇರೋದು ನೋಡಬಹುದಾ?" ಅಂತ ನೇರವಾಗಿ ಹೇಳಿ. ಒಂದೇ ವಸ್ತುವಿನ ಹಿಂದೆ ಬಿದ್ದವರನ್ನು ಕಂಡರೆ ಅಂಗಡಿಯವರಿಗೆ ಒಂಥರಾ ಅಕ್ಕರೆ. ಒಳಗಿನ ಡ್ರಾಯರ್ ತೆಗೆಯುತ್ತಾರೆ.

ಹತ್ತು ಅಡಕತ್ತರಿ ಒಟ್ಟಿಗೆ ಮೇಜಿನ ಮೇಲೆ ಇಟ್ಟರೆ ಕಣ್ಣು ತಾನೇ ಕಲಿಯುತ್ತದೆ. ನಿಜವಾಗಿ ಅಡಿಕೆ ಕತ್ತರಿಸಿದ ಅಡಕತ್ತರಿಯ ಅಲಗು ನಡುವೆ ಸ್ವಲ್ಪ ಸವೆದಿರುತ್ತದೆ, ಯಾಕೆಂದರೆ ಅಡಿಕೆ ಕೂರುವುದು ಅಲ್ಲೇ. ಹಿಡಿಯ ಒಳಬದಿ ನುಣುಪಾಗಿರುತ್ತದೆ. ಕೀಲಿನ ಆಣಿ ಸುತ್ತ ಕಪ್ಪು ಕೊಳೆ ಕೂತಿರುತ್ತದೆ. ಮೂತಿ ಮುಚ್ಚಿದರೆ ಎರಡು ತುಟಿ ಸರಿಯಾಗಿ ಕೂಡುತ್ತವೆ. ಅಲಂಕಾರಕ್ಕೆ ಅಂತಲೇ ಮಾಡಿದ ಹೊಸದರಲ್ಲಿ ಗಿಳಿ, ಕುದುರೆ ಎಲ್ಲ ಚೆನ್ನಾಗಿಯೇ ಇರುತ್ತವೆ. ಆದರೆ ಅಲಗಿಗೆ ಹರಿತವೇ ಇರುವುದಿಲ್ಲ, ಬಾಯಿ ಮುಚ್ಚುವುದಿಲ್ಲ. ನಾನು ಚೀಲದಲ್ಲಿ ಒಂದು ಒಣ ಅಡಿಕೆ ಇಟ್ಟುಕೊಂಡಿರುತ್ತೇನೆ. ಕತ್ತರಿಸಿದರೆ ಅಡಕತ್ತರಿ, ಇಲ್ಲದಿದ್ದರೆ ಬೊಂಬೆ.

ಮರದ ಸಾಮಾನೂ ಕಲಿಯಬೇಕಾದ್ದು ಅಂಗಡಿಯಲ್ಲೇ. ಬೆಂಗಳೂರಿನ ಅಂಗಡಿಗಳಿಗೆ ಕಾರೈಕುಡಿಯ ಚೆಟ್ಟಿಯಾರ್ ಮನೆಗಳನ್ನು ಒಡೆದ ಕಂಬ, ಪೆಟ್ಟಿಗೆ, ಎನಾಮಲ್ ಪಾತ್ರೆ ಬರುತ್ತವೆ. ಜೋಧಪುರದಿಂದ ಹೊಸ ಮರಕ್ಕೆ ಹಳೇ ಬಣ್ಣ ಬಳಿದದ್ದೂ ಬರುತ್ತದೆ. ಎರಡೂ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಮುಂಭಾಗ ನೋಡಬೇಡಿ. ಡ್ರಾಯರ್ ಪೂರ್ತಿ ಹೊರಗೆ ಎಳೆದು ತಲೆಕೆಳಗು ಮಾಡಿ. ಹಿಂಬದಿ, ತಳಕ್ಕೆ ಯಾರೂ ಪಾಲಿಶ್ ಹಾಕಿರಬಾರದು. ಕೈಯಲ್ಲಿ ಕೊರೆದ ಮೂಲೆಗಳು ಒಂದಕ್ಕೊಂದು ಪೂರ್ತಿ ಸಮ ಇರುವುದಿಲ್ಲ. "ಇನ್ನೂರು ವರ್ಷದ ಪೆಟ್ಟಿಗೆ" ಅನ್ನುವುದರಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ನಕ್ಕು ಮುಂದೆ ಹೋಗಿ. ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಆಮೇಲೆ ರಿಪೇರಿಗೆ ಹಾಕಿದ್ದು ಅಂತ ಅವರು ಹೇಳಬಹುದು. ಇರಬಹುದು, ಆದರೆ ಎಲ್ಲ ಸ್ಕ್ರೂಗಳೂ ಅಲ್ಲ. ಸಣ್ಣ ತೂತುಗಳಿದ್ದರೆ ಮರವನ್ನು ಮೆಲ್ಲಗೆ ತಟ್ಟಿ. ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಅಂತ. ಅದನ್ನು ಮನೆಗೆ ತಂದರೆ ನಿಮ್ಮ ಬಾಗಿಲೂ ಅದಕ್ಕೆ ಊಟ.

ಏನೂ ಕೊಳ್ಳದೆ ಕಣ್ಣು ಪಳಗಿಸಲು ಇನ್ನೊಂದು ದಾರಿ ಇದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಂದು ದಿನ ಹೋಗಿ ಬನ್ನಿ. ಟಿಕೆಟ್ಟಿನ ದುಡ್ಡು ಬಿಟ್ಟರೆ ಖರ್ಚಿಲ್ಲ. ನಿಜವಾಗಿ ಮನೆಗಳಲ್ಲಿ ಬಳಸಿದ ಪಾತ್ರೆ, ಅಳತೆ, ಉಪಕರಣ ಹೇಗೆ ಸವೆದಿರುತ್ತವೆ ಅಂತ ನೋಡಿಕೊಳ್ಳಿ. ಯಾರೂ ಮಾರಲು ಬರುವುದಿಲ್ಲ, ನೆಮ್ಮದಿಯಾಗಿ ನೋಡಬಹುದು.

ಭಾನುವಾರ

ಚಿಕ್ಕಪೇಟೆ ಮೆಟ್ರೋ ಇಳಿದರೆ ಬಜಾರು ಹತ್ತಿರ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಅದಕ್ಕೇ ನಾವು ಭಾವನ ಸ್ಕೂಟರಿನಲ್ಲಿ ಆರೂವರೆಗೆಲ್ಲ ಅಲ್ಲಿರುತ್ತೇವೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಉದ್ದಕ್ಕೂ ಸಾಮಾನು. ಅವೆನ್ಯೂ ರಸ್ತೆ ಕಡೆ ಹೋದರೆ ಹಳೇ ಪುಸ್ತಕ. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಕೆಂಪೇಗೌಡರು ಊರು ಕಟ್ಟುವಾಗ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದ್ದು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ಅಂತ ಹೇಳುತ್ತಾರೆ. ಈಗ ಆ ದಿಕ್ಕುಗಳಲ್ಲೆಲ್ಲ ಚಾರ್ಜರ್ ವೈರು.

ಜೊತೆಗೆ ಏನು ಒಯ್ಯಬೇಕು? ನನ್ನ ಚೀಲದಲ್ಲಿ ಇರುವುದು: ಸಣ್ಣ ಆಯಸ್ಕಾಂತ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಟಾರ್ಚು, ಲಗೇಜು ತೂಗುವ ಕೈ ತಕ್ಕಡಿ, ಅಳತೆ ಟೇಪು, ಒದ್ದೆ ಬಟ್ಟೆ, ಹಳೇ ಪೇಪರು, ಆಗಲೇ ಹೇಳಿದ ಅಡಿಕೆ. ದುಡ್ಡು ಎರಡು ಕಡೆ. ನೂರು, ಐವತ್ತರ ನೋಟು ಒಂದು ಜೇಬಿನಲ್ಲಿ, ಉಳಿದದ್ದು ಒಳಗೆ. ಫೋನಿನಲ್ಲಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ. ಆದರೆ ನೂರರ ನೋಟು ಎಣಿಸುವಾಗ ಬೆಲೆ ಇಳಿಯುವ ಹಾಗೆ ಫೋನಿಗೆ ಇಳಿಯುವುದಿಲ್ಲ. ಕಿಸೆಗಳ್ಳರು ಇದ್ದಾರೆ, ಹಾಗಾಗಿ ಬ್ಯಾಗು ಮುಂದೆ ಹಾಕಿಕೊಳ್ಳಿ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿ. ನೆಲದ ಮೇಲೆ ಮೊಳೆ, ಗಾಜು ಎಲ್ಲ ಇರುತ್ತದೆ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಸುಮ್ನೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಇದಕ್ಕೆ ಒಂದು ವಿನಾಯಿತಿ ಇದೆ. ನೀವು ವರ್ಷಗಟ್ಟಲೆ ಹುಡುಕುತ್ತಿದ್ದ ವಸ್ತುವೇ ಕಂಡರೆ ಕೈಗೆತ್ತಿಕೊಳ್ಳಿ, ಕೆಳಗಿಡಬೇಡಿ. ಇಲ್ಲಿನ ನಡವಳಿಕೆ ಹಾಗೆ. ಕೈಯಲ್ಲಿ ಇರುವವರೆಗೆ ಅದರ ಮಾತುಕತೆ ನಿಮ್ಮದು. ಕೆಳಗಿಟ್ಟ ಕ್ಷಣ ಪಕ್ಕದವರ ಕೈ ಬರುತ್ತದೆ. ನಾನು ಹಾಗೆ ಒಂದು ಸುಣ್ಣದ ಡಬ್ಬಿ ಕಳೆದುಕೊಂಡೆ, ಟಾರ್ಚು ಹುಡುಕಲು ಬಗ್ಗಿದ್ದಷ್ಟೇ.

ಇನ್ನು ಹಿತ್ತಾಳೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನನ್ನ ವಿಷಯ.

ಇಷ್ಟೊಂದು ಹಿತ್ತಾಳೆ ರಸ್ತೆಗೆ ಎಲ್ಲಿಂದ ಬಂತು? ನಮ್ಮಂಥ ಮನೆಗಳಿಂದಲೇ. ಸ್ಟೀಲು ಬಂದ ಕಾಲದಲ್ಲಿ ಪಾತ್ರೆಯವರು ಬೀದಿಗೆ ಬಂದು ಹಳೇ ಹಿತ್ತಾಳೆ ತೂಗಿ ಹೊಸ ಸ್ಟೀಲು ಕೊಡುತ್ತಿದ್ದರು. ಉಜ್ಜುವ ಕಷ್ಟ ಇಲ್ಲ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಬೇಡ. ನಮ್ಮ ಅಜ್ಜಿ ಎರಡು ಗಂಗಾಳ, ಒಂದು ಕೊಳದಪ್ಪಲೆ ಕೊಟ್ಟು ಮೂರು ಸ್ಟೀಲು ಡಬ್ಬ ತಗೊಂಡರಂತೆ. ಆಕೆಗೆ ಒಂದು ದಿನವೂ ಬೇಜಾರಾಗಲಿಲ್ಲ. ಹುಣಸೆಹಣ್ಣು ಹಾಕಿ ದಿನಾ ತಿಕ್ಕಿದವರಿಗೆ ಗೊತ್ತು.

ಪಾತ್ರೆ ಕೈಗೆ ಬಂದರೆ ಮೊದಲು ಬಾಯಿಯ ಅಂಚು ನೋಡಿ. ಅಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ಕನ್ನಡ, ತಮಿಳು, ತೆಲುಗು, ಕೆಲವೊಮ್ಮೆ ಇಂಗ್ಲಿಷಿನ ಎರಡೇ ಅಕ್ಷರ. ಮದುವೆ ಉಡುಗೊರೆಯಾದರೆ ಕೊಟ್ಟವರ ಹೆಸರು, ತಾರೀಕು. ತಾರೀಕು ಇದ್ದರೆ ವಯಸ್ಸಿನ ಬಗ್ಗೆ ಮಾರುವವರ ಮಾತು ಬೇಕಿಲ್ಲ. ಹೆಸರು ಉಜ್ಜಿ ಅಳಿಸಿದ ಪಾತ್ರೆಯನ್ನು ನಾನು ಕೊಳ್ಳುವುದಿಲ್ಲ. ಅಳಿಸಿದ್ದು ಯಾಕೆ ಅಂತ ಯೋಚನೆ ಬರುತ್ತದೆ, ಅಲ್ವಾ?

ಆಮೇಲೆ ಒಳಗೆ ಟಾರ್ಚು ಬಿಡಿ. ಅಡುಗೆ ಮಾಡಿದ ಪಾತ್ರೆಯಾದರೆ ಎಲ್ಲೋ ಒಂದು ಕಡೆ ಕಲಾಯಿಯ ಬಿಳಿ ಉಳಿದಿರುತ್ತದೆ. ತಳದಲ್ಲಿ ಬೆಸುಗೆ ಇದೆಯಾ ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿ. ಕಂಚು ಗಂಟೆಯ ಹಾಗೆ ಹೊತ್ತು ಮೊಳಗುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಕಂಚು ಒಡಕು ಬಿಟ್ಟಿದ್ದರೆ ದನಿಯೂ ಒಡಕು. ಆಯಸ್ಕಾಂತ ಹಿಡಿದಾಗ ಅಂಟಿದರೆ ಅದು ಹಿತ್ತಾಳೆ ಲೇಪ ಹಾಕಿದ ಕಬ್ಬಿಣ.

ಹಳೇ ಬಣ್ಣವನ್ನು ಹೊಸದರ ಮೇಲೆ ತರಿಸುವ ವಿದ್ಯೆಯೂ ಇದೆ. ಆಸಿಡ್ ಸವರಿದರೆ ಒಂದೇ ವಾರದಲ್ಲಿ ಹಸಿರು, ಕಪ್ಪು ಬರುತ್ತದೆ. ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಒದ್ದೆ ಬಟ್ಟೆಗೆ ಹತ್ತುತ್ತದೆ. ನಿಜವಾದ ಹಳೇ ಪಾತ್ರೆಯಲ್ಲಿ ಕೈ ತಾಗುವ ಕಡೆ ಹೊಳಪು, ಕೈ ತಾಗದ ಸಂದಿಯಲ್ಲಿ ಕಪ್ಪು. ಚೊಂಬಿನ ಕುತ್ತಿಗೆ, ತಂಬಿಗೆಯ ಅಂಚು, ಬಿಂದಿಗೆಯಲ್ಲಿ ಸೊಂಟಕ್ಕೆ ತಾಗುವ ಹೊಟ್ಟೆ. ಎಲ್ಲಿ ಸವೆಯಬೇಕೋ ಅಲ್ಲಿ ಸವೆದಿದೆಯಾ ಅಂತ ಕೇಳಿಕೊಳ್ಳಿ. ಹಳೇ ಸಾಮಾನಿನ ಅರ್ಧ ಪರೀಕ್ಷೆ ಇದೇ.

ಪಾವು, ಸೇರಿನದು ಇನ್ನೂ ಸುಲಭ. ನಾಲ್ಕು ಪಾವಿಗೆ ಒಂದು ಸೇರು. ಹಾಗಾಗಿ ಜೋಡಿ ಅಂತ ಮಾರಿದರೆ ಅಲ್ಲೇ ಲೆಕ್ಕ ನೋಡಬಹುದು. ಪಕ್ಕದ ಕಡಲೆಕಾಯಿಯವರ ಹತ್ತಿರ ಕಡಲೆಕಾಯಿ ಬೀಜ ಇಸಕೊಂಡು ಪಾವಿನಲ್ಲಿ ಅಳೆದು ಸೇರಿಗೆ ನಾಲ್ಕು ಸಲ ಸುರಿದು ನೋಡಿದ್ದೇನೆ. ಜನ ನಿಂತು ನೋಡಿದರು, ಕೊನೆಗೆ ಬೀಜವನ್ನೂ ಕೊಂಡೆ. ವ್ಯಾಪಾರಕ್ಕೆ ಬಳಸಿದ ಅಳತೆಯ ಮೇಲೆ ಸರ್ಕಾರಿ ಮುದ್ರೆ ಒತ್ತಿರುತ್ತದೆ. ಮಸೂರದಲ್ಲಿ ನೋಡಿದರೆ ಕಾಣುತ್ತದೆ. ಹೊಸ ತೂಕಗಳು, ಅಂದರೆ ಕಿಲೋಗ್ರಾಮ್, ಬರಲು ಶುರುವಾದದ್ದು 1958ರಲ್ಲಿ. ಅದಕ್ಕಿಂತ ಹಳೆಯ ಮುದ್ರೆ ಸಿಕ್ಕರೆ ನಾನು ಚೌಕಾಸಿ ಸ್ವಲ್ಪ ಕಡಿಮೆ ಮಾಡುತ್ತೇನೆ.

ಬೆಲೆಗೆ ಒಂದು ನೆಲ ಬೇಕು. ಹಿತ್ತಾಳೆಗೆ ಆ ನೆಲ ಗುಜರಿ ದರ. ಆ ವಾರ ಹಳೇ ಹಿತ್ತಾಳೆ ಕಿಲೋಗೆ ಎಷ್ಟು ಅಂತ ಗುಜರಿ ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ. ಕೈ ತಕ್ಕಡಿಯಲ್ಲಿ ತೂಗಿ. ಕರಗಿಸಿದರೆ ಸಿಗುವ ದುಡ್ಡಿಗಿಂತ ಕಡಿಮೆಗೆ ಯಾರೂ ಕೊಡುವುದಿಲ್ಲ, ಕೇಳುವುದೂ ಅವಮಾನ. ಅದರ ಮೇಲೆ ಎಷ್ಟು ಅನ್ನುವುದೇ ಚೌಕಾಸಿ. ಮುದ್ರೆ ಇಲ್ಲದ ಪಾವಿಗೆ ನಾನು ಗುಜರಿ ಬೆಲೆಯ ಎರಡರಷ್ಟರವರೆಗೆ ಹೋಗುತ್ತೇನೆ.

ಚೌಕಾಸಿಗೆ ಭಾಷೆಯ ಭಯ ಬೇಡ. ಮಾರುವವರಿಗೆ ಕನ್ನಡ, ದಖನಿ ಉರ್ದು, ತಮಿಳು, ತೆಲುಗು ಎಲ್ಲ ಬರುತ್ತದೆ. "ಭಾಯ್, ಇದೆಷ್ಟು?" ಅನ್ನಿ. ಬೇರೆ ಎರಡು ಸಾಮಾನಿನ ಬೆಲೆಯನ್ನೂ ಕೇಳಿ. ಆಮೇಲೆ ಒಂದು ಬೆಲೆ ಹೇಳಿ. ಹೇಳಿದ ಮೇಲೆ ಅವರು ಒಪ್ಪಿದರೆ ಕೊಳ್ಳಲೇಬೇಕು. ತಮಾಷೆಗೆ ಕೇಳಿ ಎದ್ದು ಹೋದರೆ ಮುಂದಿನ ವಾರ ಮುಖ ತಿರುಗಿಸುತ್ತಾರೆ. ಬೆಳಿಗ್ಗೆ ಬೋಣಿ ಆಗಿರುವುದಿಲ್ಲ, ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಅವರಿಗೆ ಮನಸ್ಸು ಬರುವುದಿಲ್ಲ. ಮಧ್ಯಾಹ್ನ ಕಟ್ಟಿಕೊಂಡು ಹೋಗುವ ಭಾರ ಬೇಡ ಅಂತಲೂ ಬಿಡುತ್ತಾರೆ. ಕೆಟ್ಟ ಹೊತ್ತು ಹತ್ತರಿಂದ ಹನ್ನೆರಡು. ಜನ ಜಾಸ್ತಿ, ಬೆಲೆಯೂ ಜಾಸ್ತಿ. ನಾವು ಆ ಹೊತ್ತಿಗೆ ಬಳೇಪೇಟೆ ಕಡೆ ನಡೆದು ದೋಸೆ ತಿನ್ನುತ್ತೇವೆ.

ರಸ್ತೆಯಲ್ಲಿ ಕೊಳ್ಳಬಾರದ್ದು

ಗಡಿಯಾರ. ಎಚ್‌ಎಂಟಿ ನಮ್ಮ ಊರಿನದು, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲೇ ಶುರುವಾದದ್ದು. ಕಾರ್ಖಾನೆ ನಿಂತ ಮೇಲೆ ಅದರ ಮೇಲೆ ಜನಕ್ಕೆ ಮೋಹ ಹೆಚ್ಚಾಯಿತು. ಮೋಹ ಹೆಚ್ಚಾದ ಕಡೆ ನಕಲಿಯೂ ಹೆಚ್ಚು. ಒಂದರ ಯಂತ್ರ, ಇನ್ನೊಂದರ ಮುಳ್ಳು, ಹೊಸದಾಗಿ ಅಚ್ಚು ಹಾಕಿದ ಬಣ್ಣಬಣ್ಣದ ಡಯಲ್ ಸೇರಿಸಿ ಎಚ್‌ಎಂಟಿಯ 'ಜನತಾ' ಮಾದರಿ ಅಂತ ಮಾರುತ್ತಾರೆ. ಮಸೂರದಲ್ಲಿ ಅಕ್ಷರದ ಅಂಚು ಮಬ್ಬಾಗಿದ್ದರೆ ಅನುಮಾನ ಪಡಿ. ಹಿಂಬದಿ ಮುಚ್ಚಳ ತೆಗೆದು ತೋರಿಸುವ, ಕೆಟ್ಟರೆ ಮುಂದಿನ ವಾರ ಅಲ್ಲೇ ಸಿಗುವ ಅಂಗಡಿಯಲ್ಲಿ ಕೊಳ್ಳಿ. ಸ್ವಲ್ಪ ಜಾಸ್ತಿ ಆಗಲಿ. ಭಾವನ ಮಣಿಕಟ್ಟಿನಲ್ಲಿ ಈಗಿರುವುದು ಮೂರನೆಯದು, ಮೊದಲೆರಡು ರಸ್ತೆಯವು.

ವಾಲ್ವ್ ರೇಡಿಯೊ ಕೂಡ ಅಷ್ಟೇ. ಮರ್ಫಿ, ಬುಷ್ ನೋಡಲು ಚಂದ. ಮನೆಗೆ ತಂದ ತಕ್ಷಣ ಪ್ಲಗ್ಗಿಗೆ ಹಾಕಬೇಡಿ, ಒಳಗಿನ ಹಳೇ ಕೆಪಾಸಿಟರ್ ಸುಟ್ಟು ಹೊಗೆ ಬರುತ್ತದೆ. ಬಲ್ಲ ಮೆಕ್ಯಾನಿಕ್ ಹತ್ತಿರ ಮೊದಲು ತೋರಿಸಿ. ಫಳಫಳ ಹಿತ್ತಾಳೆ ಕೊಳವೆ, ನಾಯಿಯ ಚಿತ್ರ ಇರುವ ಗ್ರಾಮಫೋನು ಬಹುಪಾಲು ಹೊಸದಾಗಿ ಜೋಡಿಸಿದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಹಾಡಿನ ತಟ್ಟೆಗಳನ್ನು ಮಾತ್ರ ರಸ್ತೆಯಲ್ಲೇ ಕೊಳ್ಳಬಹುದು. ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಕಪ್ಪಾಗಿ ಹೊಳೆದರೆ ಹಾಡು ಇದೆ, ಬೂದು ಬಣ್ಣ ಆಗಿದ್ದರೆ ಉಕ್ಕಿನ ಮುಳ್ಳು ತಿಂದು ಹಾಕಿದೆ. ಅವು ಅರಗಿನವು, ಬಿದ್ದರೆ ಹಪ್ಪಳ.

ಬೆಳ್ಳಿ ರೂಪಾಯಿ ಅಂತ ಕೊಟ್ಟರೆ ಆಯಸ್ಕಾಂತ, ತಕ್ಕಡಿ ಎರಡೂ ತೆಗೆಯಿರಿ. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದನ್ನು ತೂಗಲು ಸಣ್ಣ ತಕ್ಕಡಿ ಬೇಕು, ಲಗೇಜಿನದು ಆಗುವುದಿಲ್ಲ. 1947ರ ರೂಪಾಯಿ ನಿಕ್ಕಲ್, ಅದು ಅಂಟುವುದೇ ಸರಿ. ಬೆಳ್ಳಿ ಅಂಟಬಾರದು. ರವಿವರ್ಮ ಪ್ರೆಸ್ಸಿನ ಪಟ ಅಂದರೆ ಮಸೂರ ಇಡಿ. ಸಾಲು ಸಾಲಾಗಿ ಒಂದೇ ಅಳತೆಯ ಬಣ್ಣದ ಚುಕ್ಕಿ ಕಂಡರೆ ಇತ್ತೀಚಿನ ಅಚ್ಚು. ಹಳೇ ಕಲ್ಲಚ್ಚಿನಲ್ಲಿ ಚುಕ್ಕಿಗಳು ರವೆ ಚೆಲ್ಲಿದ ಹಾಗೆ ಇರುತ್ತವೆ.

ಬಿಲ್ಲಿಲ್ಲದ ಮೊಬೈಲು ಬೇಡವೇ ಬೇಡ. ಕದ್ದದ್ದಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಕಾನೂನಿನ ಮಾತೂ ಸ್ವಲ್ಪ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕಲಾವಸ್ತು, ನಾಣ್ಯ ಇವೆಲ್ಲ ಪುರಾತನ ವಸ್ತು. ಹಸ್ತಪ್ರತಿಯಾದರೆ 75 ವರ್ಷ ಸಾಕು. ವಿಗ್ರಹಗಳಂಥವನ್ನು ನೋಂದಾಯಿಸಬೇಕು, ಖಾಸಗಿಯವರು ಯಾವುದನ್ನೂ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಿಂದ ಬರುವ ನಮ್ಮ ಅಕ್ಕನ ಮಗಳು ಪ್ರತಿ ಸಲ ಒಂದು ಹಿತ್ತಾಳೆ ದೀಪ ಕೇಳುತ್ತಾಳೆ. ಹೊಸದನ್ನೇ ಬಿಲ್ಲಿನ ಜೊತೆ ಕೊಡಿಸುತ್ತೇನೆ. ಹಳೆಯದರ ಹಾಗೆ ಕಾಣುವುದನ್ನು ಒಯ್ಯಬೇಕಾದರೆ ಅದು ಪುರಾತನ ವಸ್ತು ಅಲ್ಲ ಅಂತ ಭಾರತೀಯ ಪುರಾತತ್ವ ಇಲಾಖೆಯಿಂದ ಪತ್ರ ಪಡೆಯಬೇಕು. ದೇವಸ್ಥಾನದಿಂದ ಬಂದ ಹಾಗೆ ಕಾಣುವ ವಿಗ್ರಹ, ಜಿಂಕೆ ಕೊಂಬು ಮುಟ್ಟಲೇ ಹೋಗಬೇಡಿ. ಮೈಸೂರಿನ ಬೀಟೆ ಮರದ ಹಳೇ ಕುಸುರಿ ಸಾಮಾನಿನಲ್ಲಿ ಬಿಳಿ ಚೂರುಗಳು ಆನೆದಂತದವಿರಬಹುದು. ದಂತದ ವ್ಯಾಪಾರಕ್ಕೆ ನಿಷೇಧ ಇದೆ. "ಪ್ಲಾಸ್ಟಿಕ್ಕೇ ಅಕ್ಕಾ" ಅಂದರೂ ನಾನು ಬಿಟ್ಟು ಬರುತ್ತೇನೆ.

ಮನೆಗೆ ಬಂದ ಮೇಲೆ

ನಾಣ್ಯವನ್ನು ಉಜ್ಜಬೇಡಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಅಡಕತ್ತರಿಗೆ ಒಣ ಬಟ್ಟೆ, ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಹಿತ್ತಾಳೆ ಪಾತ್ರೆಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಒರೆಸಿ ಒಂದು ವಾರ ಸುಮ್ನೆ ಇಡಿ. ಪೂರ್ತಿ ಹೊಳೆಸಬೇಕಾ, ಹಾಗೇ ಬಿಡಬೇಕಾ ಅಂತ ಆಮೇಲೆ ತೀರ್ಮಾನ ಮಾಡಿ. ಅಡುಗೆಗೆ ಬಳಸುವುದಾದರೆ ಹೊಸದಾಗಿ ಕಲಾಯಿ ಹಾಕಿಸಲೇಬೇಕು. ಹಳೇ ಕಲಾಯಿಯಲ್ಲಿ ಸೀಸ ಬೆರೆತಿತ್ತೋ ಇಲ್ಲವೋ ಹೇಳಲಾಗದು. ಹುಳಿಯಂತೂ ಬರಿ ಹಿತ್ತಾಳೆಗೆ ತಾಗಬಾರದು. ಕಲಾಯಿಯವರು ಈಗ ಬೀದಿಯಲ್ಲಿ ಕೂಗಿಕೊಂಡು ಬರುವುದಿಲ್ಲ. ಪಾತ್ರೆ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಎಲ್ಲಿ, ಎಷ್ಟು, ತೂಕ, ಅಂಚಿನ ಮೇಲಿನ ಹೆಸರು. ನನ್ನದರಲ್ಲಿ ಈಗ ಹದಿನಾಲ್ಕು ಪಾವು, ಐದು ಸೇರು, ಇಪ್ಪತ್ತೆರಡು ಅಡಕತ್ತರಿ ಇವೆ. ಮೊದಲ ಸಾಲಿನಲ್ಲಿ ರಾಮನ ನಾಣ್ಯ, 800 ರೂಪಾಯಿ. ಪಾವುಗಳಲ್ಲಿ ಒಂದಕ್ಕೆ ಅಂಚು ಸೊಟ್ಟಗಾಗಿದೆ, ಮುದ್ರೆ ಅಳಿಸಿದೆ, ಕೂಡಿಸುವವರು ಯಾರೂ ಕೊಳ್ಳುವುದಿಲ್ಲ. ಅದು ಅಕ್ಕಿ ಡಬ್ಬದಲ್ಲಿದೆ. ನಮ್ಮಿಬ್ಬರಿಗೆ ರಾತ್ರಿ ಊಟಕ್ಕೆ ಒಂದು ಪಾವು ಸರಿಹೋಗುತ್ತದೆ. ಭಾವ ಬಂದರೆ ಒಂದೂವರೆ.